ಲಕ್ರಾಸ್ ಆಡುವ ಮಕ್ಕಳು ಮತ್ತು ಕಾಲೇಜು ತಂಡದ ದಾರಿ: ಅಮೆರಿಕದ ಕನ್ನಡ ಕುಟುಂಬಗಳಿಗೊಂದು ಮಾರ್ಗದರ್ಶಿ

ಮೇರಿಲ್ಯಾಂಡ್, ನ್ಯೂಜೆರ್ಸಿ, ಲಾಂಗ್ ಐಲೆಂಡ್, ಬಾಸ್ಟನ್ ಸುತ್ತಲಿನ ಊರುಗಳಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಒಂದು ದಿನ ಇದ್ದಕ್ಕಿದ್ದಂತೆ ತುದಿಗೆ ಬಲೆ ಕಟ್ಟಿದ ಕೋಲೊಂದನ್ನು ಹಿಡಿದು ಮನೆಗೆ ಬರುತ್ತಾರೆ. ಮೇರಿಲ್ಯಾಂಡಿನಲ್ಲಿರುವ ನಮ್ಮ ಮನೆಗೆ ಆ ಕೋಲು ಬಂದದ್ದು ಮಗಳು ಐದನೆಯ ತರಗತಿಯಲ್ಲಿದ್ದಾಗ. ಕ್ರಿಕೆಟ್ ಬ್ಯಾಟನ್ನು ಬಿಟ್ಟು ಬೇರೇನನ್ನೂ ಹಿಡಿದು ಗೊತ್ತಿಲ್ಲದ ನನಗೆ, ಮುಂದೆ ಅದೇ ಕೋಲು ಅವಳ ಕಾಲೇಜು ಅರ್ಜಿಯ ಜೊತೆ ಹೆಣೆದುಕೊಳ್ಳುತ್ತದೆ ಎಂಬ ಕಲ್ಪನೆಯೇ ಇರಲಿಲ್ಲ. ಆ ಹಾದಿಯಲ್ಲಿ ನಾವು ಕಲಿತದ್ದನ್ನೂ ತಡವಾಗಿ ಕಲಿತದ್ದನ್ನೂ ಶಾಲಾ ವರ್ಷಗಳ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಬಹುತೇಕರು ಸಿಇಟಿ ರ್‍ಯಾಂಕ್, ಕಟ್-ಆಫ್, ಕೌನ್ಸೆಲಿಂಗ್ ಎಂಬ ಕ್ರಮದಲ್ಲಿ ಸೀಟು ಪಡೆದು ಬಂದವರಾದ್ದರಿಂದ, ಹೆಚ್ಚು ಅಂಕ ತೆಗೆದವರಿಗೆ ಮೊದಲ ಆಯ್ಕೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕಾಲೇಜಿನ ಕೋಚ್ ಬಳಿ ಅಂಥ ಪಟ್ಟಿ ಇರುವುದಿಲ್ಲ. ಮುಂದಿನ ವರ್ಷ ತನ್ನ ತಂಡದಿಂದ ಒಬ್ಬ ಎಡಗೈ ಅಟ್ಯಾಕ್ ಆಟಗಾರ ಪದವಿ ಮುಗಿಸಿ ಹೋಗುತ್ತಾನೆ, ಆ ಜಾಗಕ್ಕೆ ಒಬ್ಬ ಬೇಕು ಎಂಬುದು ಆತನ ಚಿಂತೆ. ನಿಮ್ಮ ಮಗ ಎಷ್ಟೇ ಚೆನ್ನಾಗಿ ಆಡುವ ಗೋಲ್‌ಕೀಪರ್ ಆಗಿದ್ದರೂ ಆ ವರ್ಷ ಆ ಕೋಚ್‌ಗೆ ಬೇಕಾಗಿಲ್ಲದಿರಬಹುದು. ಈ ಪ್ರಕ್ರಿಯೆಯನ್ನು ಹೋಲಿಸುವುದಾದರೆ ನಮ್ಮ ಕಡೆ ಸಂಬಂಧ ನೋಡುವ ಕ್ರಮಕ್ಕೆ ಹೋಲಿಸಬೇಕು: ಎರಡೂ ಕಡೆಯವರು ವಿಚಾರಿಸುತ್ತಾರೆ, ನಡುವೆ ಪರಿಚಯಸ್ಥರೊಬ್ಬರು ಮಾತಾಡುತ್ತಾರೆ, 'ಆಮೇಲೆ ತಿಳಿಸುತ್ತೇವೆ' ಎಂದರೆ ಏನರ್ಥ ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಆಟದ ಬಗ್ಗೆ ಇಷ್ಟಾದರೂ ತಿಳಿದಿರಲಿ

ಬಲೆಯ ಕೋಲಿನಿಂದ ಚೆಂಡನ್ನು ಹಿಡಿದು, ಎಸೆದು, ಎದುರಾಳಿಯ ಗೋಲಿಗೆ ಹೊಡೆಯುವ ಲಕ್ರಾಸ್ ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಇರೊಕ್ವಾಯ್ ಎಂದು ಹೊರಗಿನವರು ಕರೆಯುತ್ತಿದ್ದ ಹೋಡನೊಶೋನಿ ಜನರು ಅದನ್ನು ಇಂದಿಗೂ ಸೃಷ್ಟಿಕರ್ತನ ಆಟವೆಂದು ಗೌರವಿಸುತ್ತಾರೆ. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ನಿಯಮಗಳನ್ನು ಬರೆದಿಟ್ಟ ನಂತರ ಅದು ಕ್ಲಬ್ಬುಗಳ ಮತ್ತು ಕಾಲೇಜುಗಳ ಆಟವಾಯಿತು. 1904 ಮತ್ತು 1908ರ ಒಲಿಂಪಿಕ್ಸ್‌ನಲ್ಲಿದ್ದ ಆಟ ಈಗ ತಂಡಕ್ಕೆ ಆರು ಜನರ ರೂಪದಲ್ಲಿ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮರಳುತ್ತಿದೆ.

ಗಂಡುಮಕ್ಕಳ ಆಟ ಮತ್ತು ಹೆಣ್ಣುಮಕ್ಕಳ ಆಟ ಹೆಚ್ಚುಕಡಿಮೆ ಎರಡು ಬೇರೆ ಆಟಗಳೇ. ಗಂಡುಮಕ್ಕಳ ತಂಡದಲ್ಲಿ 10 ಜನ, ಮೈಗೆ ಮೈ ತಾಗಿಸಿ ಆಡಲು ಅವಕಾಶ, ಹಾಗಾಗಿ ಹೆಲ್ಮೆಟ್, ಕೈಗವಸು, ಭುಜದ ರಕ್ಷೆ ಕಡ್ಡಾಯ. ಹೆಣ್ಣುಮಕ್ಕಳ ತಂಡದಲ್ಲಿ 12 ಜನ, ಕಣ್ಣಿಗೆ ಗಾಗಲ್, ಬಾಯಿಗೆ ಮೌತ್‌ಗಾರ್ಡ್, ಮೈಗೆ ಡಿಕ್ಕಿ ಹೊಡೆದರೆ ಫೌಲ್. ಗಂಡುಮಕ್ಕಳಿಗೆ ಹೆಲ್ಮೆಟ್ ಅಥವಾ ಭುಜದ ರಕ್ಷೆಯನ್ನು ಪರಿಚಿತರಿಂದ ಹಳೆಯದಾಗಿ ಪಡೆಯುವವರು ಒಂದು ವಿಷಯವನ್ನು ಗಮನಿಸಬೇಕು: ಎದೆಗೆ ಚೆಂಡು ಬಡಿದು ಹೃದಯದ ಬಡಿತ ನಿಲ್ಲುವ ಅಪಾಯವನ್ನು ತಗ್ಗಿಸಲು 2022ರಿಂದ ಎಲ್ಲ ಆಟಗಾರರ ಭುಜದ ರಕ್ಷೆಗೂ ಹೊಸ ಮಾನದಂಡ ಬಂದಿದೆ. ಅದಕ್ಕಿಂತ ಹಳೆಯ ರಕ್ಷೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಎಂಟನೆಯ ತರಗತಿಯವರೆಗೆ: ಗೋಡೆ, ಎರಡೂ ಕೈ ಮತ್ತು ತಾಳ್ಮೆ

ಈ ವಯಸ್ಸಿನಲ್ಲಿ ಕಾಲೇಜಿನ ಬಗ್ಗೆ ಮಾಡಬೇಕಾದದ್ದು ಏನೂ ಇಲ್ಲ ಎಂದರೂ ನಡೆಯುತ್ತದೆ. ಗೋಡೆಗೆ ಚೆಂಡು ಹೊಡೆದು ಹಿಡಿಯುವ ಅಭ್ಯಾಸ, ಅಂದರೆ ವಾಲ್ ಬಾಲ್, ಪ್ರತಿದಿನ ಹದಿನೈದು ನಿಮಿಷ ನಡೆದರೆ ಸಾಕು, ಆದರೆ ಅದು ಎರಡೂ ಕೈಯಲ್ಲಿ ನಡೆಯಬೇಕು. ಬಲಗೈಯ ಹುಡುಗಿ ಎಡಗೈಯಲ್ಲಿ ಚೆಂಡು ಹಿಡಿಯಲು ತಡವರಿಸುವುದನ್ನು ಕಾಲೇಜಿನ ಕೋಚ್ ಒಂದೇ ನಿಮಿಷದಲ್ಲಿ ಗುರುತಿಸುತ್ತಾರೆ, ಮತ್ತು ಆ ಕೊರತೆಯನ್ನು ಹದಿನಾರನೆಯ ವಯಸ್ಸಿನಲ್ಲಿ ತುಂಬಿಕೊಳ್ಳುವುದು ಕಷ್ಟ. ಓಡುವಾಗ ಚೆಂಡು ಬಲೆಯಿಂದ ಜಾರದಂತೆ ಸ್ಟಿಕ್ಕನ್ನು ತೂಗುತ್ತಲೇ ಇರುವುದಕ್ಕೆ ಕ್ರೇಡ್ಲಿಂಗ್ ಎನ್ನುತ್ತಾರೆ, ಅಂದರೆ ತೊಟ್ಟಿಲು ತೂಗುವುದು. ಇದರಲ್ಲಿ ಮಣಿಕಟ್ಟು ಪಳಗಿದ ಮಕ್ಕಳು ಬೇಗ ಮೇಲೆ ಬರುತ್ತಾರೆ.

ಸ್ಥಳೀಯ ರೆಕ್ರಿಯೇಷನ್ ಲೀಗ್ ಸಾಕೇ, ಕ್ಲಬ್ ತಂಡ ಬೇಕೇ ಎಂಬ ಪ್ರಶ್ನೆ ಆರನೆಯ ತರಗತಿಯ ಹೊತ್ತಿಗೆ ಎದುರಾಗುತ್ತದೆ. ಕ್ಲಬ್ ಎಂದರೆ ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ, ಅದರ ಮೇಲೆ ಹೋಟೆಲ್, ಪೆಟ್ರೋಲ್, ವಾರಾಂತ್ಯಗಳು. ಕ್ಲಬ್ಬನ್ನು ಆರಿಸುವಾಗ ಗೆದ್ದ ಕಪ್ಪುಗಳ ಲೆಕ್ಕ ಕೇಳಬೇಡಿ. ಹಿಂದಿನ ಮೂರು ವರ್ಷಗಳಲ್ಲಿ ಆ ಕ್ಲಬ್‌ನ ಎರಡನೆಯ ತಂಡದ ಮಕ್ಕಳು ಯಾವ ಯಾವ ಕಾಲೇಜಿಗೆ ಹೋದರು ಎಂದು ಕೇಳಿ. ಮೊದಲ ತಂಡದ ಮಕ್ಕಳ ಹೆಸರನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ, ಎರಡನೆಯ ತಂಡದ ಮಕ್ಕಳಿಗಾಗಿ ಫೋನ್ ಎತ್ತಿ ಕೋಚ್‌ಗಳ ಜೊತೆ ಮಾತಾಡುವ ಕ್ಲಬ್ ನಿಜವಾಗಿ ಕೆಲಸ ಮಾಡುವ ಕ್ಲಬ್.

ಈ ಹಂತದಲ್ಲಿ ಕಿವಿಗೆ ಬೀಳುವ ಇನ್ನೊಂದು ಮಾತು ರಿಕ್ಲಾಸ್. ಮಗುವನ್ನು ಒಂದು ವರ್ಷ ಅದೇ ತರಗತಿಯಲ್ಲಿ ಉಳಿಸಿ, ಒಂದು ವರ್ಷ ದೊಡ್ಡವನಾಗಿ, ಬಲಿಷ್ಠನಾಗಿ ಆಡಲು ಬಿಡುವುದು ಕೆಲವು ಕಡೆ ವಾಡಿಕೆಯೇ ಆಗಿದೆ. ತಂಡಗಳನ್ನು ವಯಸ್ಸಿನ ಬದಲು ಪದವಿ ವರ್ಷದ, ಅಂದರೆ ಹೈಸ್ಕೂಲು ಮುಗಿಸುವ ವರ್ಷದ ಮೇಲೆ ಕಟ್ಟುವುದರಿಂದ ಇದಕ್ಕೆ ಅವಕಾಶವಾಗಿದೆ. ನಮ್ಮವರಲ್ಲಿ ಮಗು ಒಂದು ವರ್ಷ ಹಿಂದೆ ಬೀಳುವುದೆಂದರೆ ಅಜ್ಜ ಅಜ್ಜಿಯವರೆಗೆ ಸುದ್ದಿ. ಅದನ್ನು ಬದಿಗಿಟ್ಟು ನೋಡಿದರೂ, ಒಂಬತ್ತನೆಯ ತರಗತಿ ಒಮ್ಮೆ ಶುರುವಾದ ಮೇಲೆ ಹೀಗೆ ಮಾಡುವುದು ಅಪಾಯಕರ. ಕಾಲೇಜು ಆಟದ ಅತ್ಯುನ್ನತ ದರ್ಜೆಯಾದ ಡಿವಿಷನ್ 1ರ ಅರ್ಹತೆಗೆ ಬೇಕಾದ ಮುಖ್ಯ ವಿಷಯಗಳನ್ನು ಒಂಬತ್ತನೆಯ ತರಗತಿ ಸೇರಿದ ದಿನದಿಂದ ನಾಲ್ಕು ವರ್ಷಗಳೊಳಗೆ ಮುಗಿಸಬೇಕೆಂಬ ನಿಯಮವಿದ್ದು, ಐದನೆಯ ವರ್ಷದಲ್ಲಿ ಓದಿದ ವಿಷಯಗಳು ಲೆಕ್ಕಕ್ಕೆ ಬಾರದೆ ಹೋಗಬಹುದು.

ಡಿವಿಷನ್‌ಗಳು ಮತ್ತು ಹಣದ ಲೆಕ್ಕ

'ಸ್ಕಾಲರ್‌ಶಿಪ್ ಸಿಗುತ್ತಂತೆ' ಎಂಬ ಮಾತನ್ನು ನಂಬಿ ಈ ಹಾದಿಗೆ ಇಳಿಯುವವರು ಬಹಳ ಜನ. ಅವರು ಮೊದಲು ಈ ಭಾಗವನ್ನು ಓದಬೇಕು.

ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಮೂರು ಡಿವಿಷನ್‌ಗಳನ್ನು ಮಾಡಿದೆ. ಗಂಡುಮಕ್ಕಳ ಡಿವಿಷನ್ 1 ತಂಡಗಳು ಇಡೀ ದೇಶದಲ್ಲಿ ಎಪ್ಪತ್ತೈದರ ಆಸುಪಾಸು ಮಾತ್ರ, ಹೆಣ್ಣುಮಕ್ಕಳವು 120ಕ್ಕೂ ಹೆಚ್ಚು. ಡಿವಿಷನ್ 3ರಲ್ಲಿ ಎರಡೂ ಕಡೆ 200ಕ್ಕೂ ಹೆಚ್ಚು ತಂಡಗಳಿವೆ, ಆದರೆ ಅಲ್ಲಿ ಆಟಕ್ಕಾಗಿ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಡಿವಿಷನ್ 1ರಲ್ಲಿದ್ದರೂ ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ಮುಂತಾದ ಐವಿ ಲೀಗ್ ವಿಶ್ವವಿದ್ಯಾಲಯಗಳೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಲ್ಲಿ ಸಿಗುವುದು ಕುಟುಂಬದ ಆದಾಯ ನೋಡಿ ಕೊಡುವ ನೆರವು ಮಾತ್ರ. ಕೊಲಂಬಿಯಾದಲ್ಲಿ ಗಂಡುಮಕ್ಕಳ ವಾರ್ಸಿಟಿ, ಅಂದರೆ ಕಾಲೇಜೇ ಅಧಿಕೃತವಾಗಿ ನಡೆಸುವ, ಲಕ್ರಾಸ್ ತಂಡವೇ ಇಲ್ಲ ಎಂಬುದು ಎಷ್ಟೋ ಐವಿ ಕನಸಿನ ತಂದೆಯರಿಗೆ ಗೊತ್ತಿರುವುದಿಲ್ಲ. ಕ್ಯಾಲಿಫೋರ್ನಿಯಾದ ನಮ್ಮವರಿಗೂ ಹೀಗೇ ಒಂದು ಎಚ್ಚರಿಕೆ: ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಯುಎಸ್‌ಸಿಗಳಲ್ಲಿ ಹೆಣ್ಣುಮಕ್ಕಳಿಗೆ ಡಿವಿಷನ್ 1 ತಂಡವಿದೆ, ಗಂಡುಮಕ್ಕಳದ್ದು ಎಂಸಿಎಲ್ಎ ಎಂಬ ಕ್ಲಬ್ ಮಟ್ಟದ ಸಂಘಟನೆಗೆ ಸೇರಿದ ತಂಡ. ಅಲ್ಲಿ ಆಟ ಗಂಭೀರವಾಗಿಯೇ ನಡೆಯುತ್ತದೆ, ಆದರೆ ಪ್ರವೇಶದಲ್ಲಿ ಕೋಚ್‌ಗೆ ವಾರ್ಸಿಟಿ ಕೋಚ್‌ಗಿರುವಷ್ಟು ಕೈ ಇರುವುದಿಲ್ಲ.

ಇನ್ನು ಹಣ. ಹಿಂದಿನ ನಿಯಮದ ಪ್ರಕಾರ ಡಿವಿಷನ್ 1ರ ಒಂದು ಗಂಡುಮಕ್ಕಳ ತಂಡ ಒಟ್ಟು 12.6 ಪೂರ್ಣ ಸ್ಕಾಲರ್‌ಶಿಪ್‌ಗಳನ್ನೂ ಹೆಣ್ಣುಮಕ್ಕಳ ತಂಡ 12 ಸ್ಕಾಲರ್‌ಶಿಪ್‌ಗಳನ್ನೂ ಕೊಡಬಹುದಿತ್ತು. 45 ಜನರ ತಂಡಕ್ಕೆ 12.6ನ್ನು ಸಮನಾಗಿ ಹಂಚಿದರೆ ತಲೆಗೆ ಶೇಕಡ 28 ಬರುತ್ತದೆ, ಅದೂ ಕಾಲೇಜು ಪೂರ್ತಿ ಹಣ ತೆಗೆದಿಟ್ಟಿದ್ದರೆ. ಸಮನಾಗಿ ಯಾರೂ ಹಂಚುವುದಿಲ್ಲ, ಕೆಲವರಿಗೆ ಹೆಚ್ಚು, ಹಲವರಿಗೆ ಪುಸ್ತಕದ ಖರ್ಚಿನಷ್ಟು, ಉಳಿದವರಿಗೆ ಸೊನ್ನೆ. ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ಈ ಲೆಕ್ಕ ಬದಲಾಗಿದೆ. ಆ ವ್ಯವಸ್ಥೆಗೆ ಒಪ್ಪಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಸಂಖ್ಯೆಗೆ ಮಿತಿಯಿಲ್ಲ, ಬದಲಿಗೆ ತಂಡದ ಗಾತ್ರಕ್ಕೇ ಮಿತಿ ಬಂದಿದೆ: ಗಂಡುಮಕ್ಕಳಿಗೆ 48, ಹೆಣ್ಣುಮಕ್ಕಳಿಗೆ 38. ಮಿತಿಯಿಲ್ಲ ಎಂದ ಮಾತ್ರಕ್ಕೆ ಹಣ ಇದೆ ಎಂದಲ್ಲ. ನಮ್ಮಂಥವರ ಮಕ್ಕಳಿಗೆ ಇದರಿಂದ ಆಗುವ ನಿಜವಾದ ಪರಿಣಾಮವೆಂದರೆ, ಹಿಂದೆ ಹಣವಿಲ್ಲದೆ ತಂಡದ ಕೊನೆಯಲ್ಲಿ ಸೇರಿಕೊಂಡು ಮೆಲ್ಲನೆ ಮೇಲೆ ಬರುತ್ತಿದ್ದ ಆಟಗಾರರಿಗೆ ಜಾಗ ಕಡಿಮೆಯಾಗಿದೆ. ಬೇರೆ ಕಾಲೇಜಿನಿಂದ ವರ್ಗಾವಣೆಯಾಗಿ ಬರುವ ಇಪ್ಪತ್ತೊಂದು ವರ್ಷದ ಪಳಗಿದ ಆಟಗಾರನ ಜೊತೆ ಹದಿನೆಂಟರ ಹುಡುಗ ಅದೇ ಜಾಗಕ್ಕೆ ಪೈಪೋಟಿ ಮಾಡಬೇಕು.

ಆದ್ದರಿಂದ ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಆದಾಯದ ವಿವರ ತುಂಬಿ, ಆಟದಿಂದ ಒಂದು ಕಾಸೂ ಬರದಿದ್ದರೆ ನಾಲ್ಕು ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬ ಅಂಕಿಯನ್ನು ಗಂಡ ಹೆಂಡತಿ ಕುಳಿತು ಮೊದಲೇ ನೋಡಿಕೊಳ್ಳಬೇಕು. ಲಕ್ರಾಸ್ ಹಣ ತಂದುಕೊಡುವುದಕ್ಕಿಂತ ಹೆಚ್ಚಾಗಿ ಬಾಗಿಲು ತೆರೆದುಕೊಡುತ್ತದೆ. ಓದಿನಲ್ಲಿ ಚೆನ್ನಾಗಿರುವ ಮಗುವಿಗೆ, ಸಾವಿರಾರು ಅದೇ ಬಗೆಯ ಅರ್ಜಿಗಳ ನಡುವೆ, ಕೋಚ್ ಒಬ್ಬರು ಪ್ರವೇಶ ಕಚೇರಿಗೆ ಹೋಗಿ 'ಈ ಹುಡುಗಿ ನನಗೆ ಬೇಕು' ಎನ್ನುವುದೇ ದೊಡ್ಡ ಲಾಭ.

ಒಂಬತ್ತು ಮತ್ತು ಹತ್ತನೆಯ ತರಗತಿ: ಅಂಕಪಟ್ಟಿ ಮೊದಲು, ವಿಡಿಯೊ ಆಮೇಲೆ

ಡಿವಿಷನ್ 1 ಅಥವಾ 2ರಲ್ಲಿ ಆಡಲು ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ಅರ್ಹತೆ ಪಡೆಯಬೇಕು. ಎರಡಕ್ಕೂ ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳು ಬೇಕು, ಹಂಚಿಕೆ ಮಾತ್ರ ಬೇರೆ. ಡಿವಿಷನ್ 1ಕ್ಕೆ ಅದು ಹೀಗಿದೆ: ಇಂಗ್ಲಿಷ್ 4 ವರ್ಷ, ಆಲ್ಜಿಬ್ರಾ 1 ಅಥವಾ ಅದಕ್ಕಿಂತ ಮೇಲಿನ ಗಣಿತ 3, ವಿಜ್ಞಾನ 2, ಈ ಮೂರರಲ್ಲೇ ಇನ್ನೊಂದು 1, ಸಮಾಜ ವಿಜ್ಞಾನ 2, ಉಳಿದ 4 ಇವೇ ವಿಷಯಗಳಿಂದ ಅಥವಾ ವಿದೇಶಿ ಭಾಷೆ, ತತ್ತ್ವಶಾಸ್ತ್ರಗಳಂಥವುಗಳಿಂದ. ಇವುಗಳ ಸರಾಸರಿ ಜಿಪಿಎ ನಾಲ್ಕಕ್ಕೆ ಕನಿಷ್ಠ ಡಿವಿಷನ್ 1ಕ್ಕೆ 2.3, ಡಿವಿಷನ್ 2ಕ್ಕೆ 2.2. ಡಿವಿಷನ್ 1ಕ್ಕೆ ಈ ಹದಿನಾರರಲ್ಲಿ ಹತ್ತು ವಿಷಯಗಳು ಸೀನಿಯರ್ ವರ್ಷ, ಅಂದರೆ ಹನ್ನೆರಡನೆಯ ತರಗತಿ, ಶುರುವಾಗುವ ಮೊದಲೇ ಮುಗಿದಿರಬೇಕು. ನಮ್ಮ ಮಕ್ಕಳಿಗೆ 2.3 ಎಂಬುದು ನಗು ತರಿಸುವ ಅಂಕಿ ಎನಿಸಬಹುದು. ತೊಂದರೆ ಬರುವುದು ಅಂಕದಲ್ಲಲ್ಲ, ವಿಷಯಗಳ ಹೆಸರಿನಲ್ಲಿ. ಶಾಲೆ ಕಲಿಸುವ ಪ್ರತಿಯೊಂದು ವಿಷಯವೂ ಎನ್‌ಸಿಎಎ ಪಟ್ಟಿಯಲ್ಲಿ ಇರುವುದಿಲ್ಲ, ಮತ್ತು ತರಗತಿಯಲ್ಲಿ ಕೂರದೆ ಪರೀಕ್ಷೆ ಮಾತ್ರ ಬರೆದು ಪಡೆದ ಕ್ರೆಡಿಟ್ ಲೆಕ್ಕಕ್ಕಿಲ್ಲ.

ಕನ್ನಡ ಕುಟುಂಬಗಳು ಇಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ನಿಮ್ಮ ಶಾಲಾ ಡಿಸ್ಟ್ರಿಕ್ಟ್ ವಿದೇಶಿ ಭಾಷೆಯ ಕ್ರೆಡಿಟ್ ಕೊಟ್ಟಿದ್ದರೆ ಅದು ಹೆಮ್ಮೆಯ ವಿಷಯವೇ ಸರಿ, ಆದರೆ ಅದನ್ನು ಹದಿನಾರರಲ್ಲಿ ಒಂದೆಂದು ಎಣಿಸಿಕೊಳ್ಳುವ ಮೊದಲು ಶಾಲೆಯ ಕೌನ್ಸೆಲರ್ ಬಳಿ ಕುಳಿತು ಎನ್‌ಸಿಎಎ ಅಂಗೀಕರಿಸಿದ ವಿಷಯಗಳ ಪಟ್ಟಿಯಲ್ಲಿ ಅದರ ಹೆಸರು ಇದೆಯೇ ಎಂದು ಕಣ್ಣಾರೆ ನೋಡಬೇಕು. ಹಾಗೆಯೇ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂಬತ್ತು, ಹತ್ತು ಓದಿ ಬಂದ ಮಕ್ಕಳಿಗೆ ಆ ವರ್ಷಗಳ ಮೂಲ ಅಂಕಪಟ್ಟಿಗಳು ಬೇಕಾಗುತ್ತವೆ. ಕನ್ನಡದಲ್ಲಿರುವ ದಾಖಲೆಗೆ ಪ್ರಮಾಣಿತ ಇಂಗ್ಲಿಷ್ ಅನುವಾದವೂ ಬೇಕು. ಊರಿಗೆ ಹೋದಾಗಲೇ ಶಾಲೆಯಿಂದ ಮೊಹರು ಹಾಕಿಸಿ ತಂದಿಟ್ಟುಕೊಂಡರೆ ಆಮೇಲೆ ಅಲೆದಾಟ ತಪ್ಪುತ್ತದೆ.

ಹತ್ತನೆಯ ತರಗತಿಯ ವಸಂತದ ಪಂದ್ಯಗಳಿಂದ ವಿಡಿಯೊ ಮಾಡಲು ಶುರುಮಾಡಿ. ಎರಡರಿಂದ ಮೂರು ನಿಮಿಷ ಸಾಕು. ಅತ್ಯುತ್ತಮ ಆಟ ಮೊದಲು ಬರಲಿ, ಪ್ರತಿ ತುಣುಕಿನ ಆರಂಭದಲ್ಲಿ ನಿಮ್ಮ ಮಗುವಿನ ಸುತ್ತ ಒಂದು ವೃತ್ತ ಅಥವಾ ಬಾಣ ಇರಲಿ, ಹಾಡು ಮತ್ತು ನಿಧಾನಗತಿಯ ದೃಶ್ಯಗಳು ಬೇಡ. ಗೋಲುಗಳನ್ನೇ ಪೋಣಿಸಬೇಡಿ. ನೆಲದ ಮೇಲೆ ಉರುಳುವ ಚೆಂಡಿಗಾಗಿ ಇಬ್ಬರ ನಡುವೆ ಬಗ್ಗಿ ನುಗ್ಗಿದ್ದು, ಚೆಂಡು ಕಳೆದುಕೊಂಡ ಮೇಲೆ ತಿರುಗಿ ಓಡಿದ್ದು, ತನ್ನ ಕೈಯಲ್ಲಿ ಚೆಂಡಿಲ್ಲದಾಗ ಗೆಳತಿಗೆ ಜಾಗ ಮಾಡಿಕೊಟ್ಟದ್ದು, ಇವನ್ನು ಕೋಚ್‌ಗಳು ಎರಡೆರಡು ಬಾರಿ ನೋಡುತ್ತಾರೆ.

ಇಮೇಲನ್ನು ಮಗುವೇ ಬರೆಯಬೇಕು. ಅಪ್ಪ ಬರೆದ ಇಮೇಲ್ ಅಪ್ಪ ಬರೆದ ಹಾಗೇ ಇರುತ್ತದೆ, 'ದಯವಿಟ್ಟು ಪರಿಗಣಿಸಿ' ಎಂಬ ನಮ್ಮ ಅರ್ಜಿ ಭಾಷೆ ಎಷ್ಟು ಅಡಗಿಸಿದರೂ ಇಣುಕುತ್ತದೆ. ವಿಷಯದ ಸಾಲಿನಲ್ಲೇ ಎಲ್ಲವೂ ಬರಲಿ: ಹೆಸರು, ಪದವಿ ವರ್ಷ 2028, ಮಿಡ್‌ಫೀಲ್ಡ್, ಎಡಗೈ, ಶಾಲೆ, ರಾಜ್ಯ. ಒಳಗೆ ಜಿಪಿಎ, ವಿಡಿಯೊ ಕೊಂಡಿ, ಮುಂದಿನ ಟೂರ್ನಮೆಂಟಿನ ದಿನಾಂಕ, ಮೈದಾನದ ಸಂಖ್ಯೆ, ಜರ್ಸಿ ಸಂಖ್ಯೆ, ಕ್ಲಬ್ ಕೋಚ್‌ನ ಫೋನ್. ಆ ಕಾಲೇಜನ್ನೇ ಏಕೆ ಎಂಬುದಕ್ಕೆ ಒಂದು ನಿಜವಾದ ವಾಕ್ಯ. ಅದೇ ಪತ್ರವನ್ನು ಎಂಬತ್ತು ಕಾಲೇಜಿಗೆ ಕಳಿಸುವವರಿದ್ದಾರೆ, ಅದರಲ್ಲಿ ಹಿಂದಿನ ಕಾಲೇಜಿನ ಹೆಸರು ಹಾಗೇ ಉಳಿದುಬಿಟ್ಟ ಪತ್ರಗಳೂ ಕೋಚ್‌ಗಳಿಗೆ ಬರುತ್ತಿರುತ್ತವೆ. ಹಣ ಪಡೆದು ರಿಕ್ರೂಟಿಂಗ್‌ಗೆ, ಅಂದರೆ ಕಾಲೇಜು ತಂಡದ ಆಯ್ಕೆಗೆ, ನೆರವಾಗುವ 'ರಿಕ್ರೂಟಿಂಗ್ ಸೇವೆ' ಒದಗಿಸುವವರ ಅಗತ್ಯವನ್ನು ನಾನಂತೂ ಕಾಣಲಿಲ್ಲ.

ಕಾಲೇಜಿನ ಆಟಗಾರರ ಪಟ್ಟಿಯನ್ನು ಓದುವ ಬಗೆ

ಪ್ರತಿ ಕಾಲೇಜಿನ ಕ್ರೀಡಾ ಜಾಲತಾಣದಲ್ಲಿ ತಂಡದ ಪೂರ್ತಿ ಪಟ್ಟಿ ಇರುತ್ತದೆ: ಹೆಸರು, ಸ್ಥಾನ, ವರ್ಷ, ಎತ್ತರ, ಊರು, ಹೈಸ್ಕೂಲು. ಕೋಚ್ ಬಾಯಲ್ಲಿ ಹೇಳದಿರುವುದೆಲ್ಲ ಈ ಪಟ್ಟಿಯಲ್ಲಿ ಸಿಗುತ್ತದೆ. ನಿಮ್ಮ ಮಗು ಸೇರುವ ವರ್ಷಕ್ಕೆ ಅದೇ ಸ್ಥಾನದ ಎಷ್ಟು ಜನ ಉಳಿದಿರುತ್ತಾರೆ ಎಂದು ಎಣಿಸಿ. ಮೂರು ವರ್ಷ ಹಿಂದಿನ ಪಟ್ಟಿಯನ್ನೂ ತೆಗೆದು, ಆಗ ಮೊದಲ ವರ್ಷದಲ್ಲಿದ್ದ ಹನ್ನೆರಡು ಜನರಲ್ಲಿ ಈಗ ಎಷ್ಟು ಜನ ಇದ್ದಾರೆ ನೋಡಿ. ಐದೇ ಜನ ಉಳಿದಿದ್ದರೆ ಉಳಿದ ಏಳು ಜನ ಏಕೆ ಹೋದರು ಎಂಬುದು ನೀವು ಭೇಟಿಯ ದಿನ ನಯವಾಗಿ ಕೇಳಲೇಬೇಕಾದ ಪ್ರಶ್ನೆ. ಪಂದ್ಯಗಳ ಅಂಕಿ ಅಂಶದಲ್ಲಿ ಮೊದಲ ವರ್ಷದವರು ಎಷ್ಟು ಪಂದ್ಯ ಆಡಿದ್ದಾರೆಂಬುದೂ ಇರುತ್ತದೆ. ನಾವು ಈ ಕೆಲಸಕ್ಕೆ ಒಂದು ಸಾದಾ ನೋಟ್‌ಬುಕ್ ಇಟ್ಟುಕೊಂಡಿದ್ದೆವು, ಕಾಲೇಜಿಗೆ ಒಂದು ಪುಟ. ಮೂವತ್ತು ಪುಟಗಳು ಒಂದೇ ಸಂಜೆಯಲ್ಲಿ ಹದಿಮೂರಕ್ಕೆ ಇಳಿದವು.

ಬೇಸಿಗೆಯ ಟೂರ್ನಮೆಂಟುಗಳು

ಜೂನ್, ಜುಲೈ ತಿಂಗಳ ಟೂರ್ನಮೆಂಟುಗಳಲ್ಲಿ ಕೋಚ್‌ಗಳನ್ನು ದೂರದಿಂದಲೇ ಗುರುತಿಸಬಹುದು. ಕಾಲೇಜಿನ ಚಿಹ್ನೆಯ ಅಂಗಿ ತೊಟ್ಟು, ಮಡಚುವ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಆಟಗಾರರ ಪಟ್ಟಿಯ ಪುಸ್ತಕ ಇಟ್ಟುಕೊಂಡು ಜರ್ಸಿ ಸಂಖ್ಯೆಗಳ ಪಕ್ಕ ಗುರುತು ಹಾಕುತ್ತಿರುತ್ತಾರೆ. ಎಲ್ಲವೂ ನಡೆಯುವುದು ಆ ಸಂಖ್ಯೆಯ ಮೇಲೆ. ಒಂದು ಬೇಸಿಗೆ ಮುದ್ರಿತ ಪಟ್ಟಿಯಲ್ಲಿ ನಮ್ಮ ಮಗಳ ಹೆಸರಿನ ಮುಂದೆ 14 ಎಂದಿತ್ತು, ಬೆನ್ನ ಮೇಲೆ 41 ಇತ್ತು. ಅವಳು ಆ ವರ್ಷದ ತನ್ನ ಅತ್ಯುತ್ತಮ ಆಟ ಆಡಿದ ಆ ಎರಡು ದಿನ ಯಾರ ಹೆಸರಿನ ಪಕ್ಕ ಗುರುತು ಬಿತ್ತೋ ದೇವರೇ ಬಲ್ಲ. ಅಂದಿನಿಂದ ಪಂದ್ಯದ ಹಿಂದಿನ ರಾತ್ರಿ ಹೋಟೆಲಿನಲ್ಲಿ ಪಟ್ಟಿ ಮತ್ತು ಜರ್ಸಿಯನ್ನು ಎದುರುಬದುರು ಇಟ್ಟು ನೋಡುವುದು ನನ್ನ ಕೆಲಸವಾಯಿತು. ತಪ್ಪಿದ್ದರೆ ಆ ರಾತ್ರಿಯೇ ಮಗು ಕೋಚ್‌ಗಳಿಗೆ ಸರಿಯಾದ ಸಂಖ್ಯೆಯನ್ನು ಇಮೇಲ್ ಮಾಡಬಹುದು.

ಮೈದಾನದ ಅಂಚಿನಲ್ಲಿ ನಿಂತ ಅಪ್ಪ ಅಮ್ಮಂದಿರನ್ನೂ ಕೋಚ್‌ಗಳು ಗಮನಿಸುತ್ತಾರೆ. 'ಓಡೇ, ಓಡೇ' ಎಂದು ಕನ್ನಡದಲ್ಲಿ ಕೂಗಿದರೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ, ಧಾಟಿ ಎಲ್ಲ ಭಾಷೆಯಲ್ಲೂ ಒಂದೇ. ಸೋತ ಪಂದ್ಯದ ನಂತರ ಮಗುವಿನ ಬ್ಯಾಗನ್ನು ಮಗುವೇ ಹೊತ್ತುಕೊಳ್ಳಲಿ. ಊಟದ ವಿಷಯದಲ್ಲಿ ನನ್ನ ಹೆಂಡತಿಯ ಅನುಭವವನ್ನು ದಾಖಲಿಸುತ್ತೇನೆ: ಸಸ್ಯಾಹಾರಿ ಮಗುವಿಗೆ ಮೈದಾನದ ಗಾಡಿಗಳಲ್ಲಿ ಸಿಗುವುದು ಹುರಿದ ಆಲೂಗಡ್ಡೆ ಮಾತ್ರ. ಮಂಜುಗಡ್ಡೆ ತುಂಬಿದ ಕೂಲರಿನಲ್ಲಿ ಮೊಸರನ್ನ ಇಟ್ಟರೆ ಮೂರು ಪಂದ್ಯಗಳ ದಿನವನ್ನು ದಾಟಿಸುತ್ತದೆ.

ಮುಂದೆ ತಂಡ ಸೇರಬಹುದಾದ ಮಕ್ಕಳಿಗಾಗಿ ಕಾಲೇಜುಗಳೇ ನಡೆಸುವ ಪ್ರಾಸ್ಪೆಕ್ಟ್ ಕ್ಯಾಂಪುಗಳ ಆಹ್ವಾನ ಪತ್ರ ಬಂದಾಗ ಹಿಗ್ಗಬೇಡಿ. ಅದು ಬಹುಪಾಲು ಎಲ್ಲರಿಗೂ ಹೋಗುವ ಪತ್ರ. ಕೋಚ್ ನಿಮ್ಮ ಮಗುವಿನ ಯಾವುದಾದರೂ ಪಂದ್ಯವನ್ನು ಹೆಸರಿಸಿ ಬರೆದಿದ್ದರೆ ಅಥವಾ ಮಗುವಿಗೆ ನಿಜಕ್ಕೂ ಓದಲು ಇಷ್ಟವಿರುವ ಕಾಲೇಜಾದರೆ ಮಾತ್ರ ಹಣ ಕಟ್ಟಿ.

ಸೆಪ್ಟೆಂಬರ್ 1

ಒಂದು ಕಾಲದಲ್ಲಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳೇ ಕಾಲೇಜುಗಳಿಗೆ ಬಾಯಿಮಾತಿನ ಒಪ್ಪಿಗೆ ಕೊಡುತ್ತಿದ್ದರು. ಲಕ್ರಾಸ್ ಕೋಚ್‌ಗಳ ಸಂಘಟನೆಗಳೇ ಇದು ಸಾಕು ಎಂದು ಒತ್ತಾಯಿಸಿ, 2017ರ ಏಪ್ರಿಲ್‌ನಲ್ಲಿ ಎನ್‌ಸಿಎಎ ನಿಯಮ ಬಂತು. ಅದರಂತೆ ಡಿವಿಷನ್ 1ರ ಕೋಚ್‌ಗಳು ಜೂನಿಯರ್ ವರ್ಷದ, ಅಂದರೆ ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರವರೆಗೆ ಮಗುವಿನ ಜೊತೆ ರಿಕ್ರೂಟಿಂಗ್ ವಿಷಯ ಮಾತಾಡುವಂತಿಲ್ಲ. ನಿಮ್ಮ ಇಮೇಲನ್ನು ಓದಬಹುದು, ಆಟ ನೋಡಬಹುದು, ಕ್ಯಾಂಪಿನ ಕರಪತ್ರ ಅಥವಾ ಪ್ರಶ್ನಾವಳಿ ಕಳಿಸಬಹುದು, ಅಷ್ಟೇ. ಹತ್ತನೆಯ ತರಗತಿಯಲ್ಲಿ ಉತ್ತರ ಬರಲಿಲ್ಲವೆಂದು ಮಗು ಮಂಕಾದರೆ ಈ ನಿಯಮವನ್ನು ವಿವರಿಸಿ ಹೇಳಬೇಕಾದದ್ದು ನಿಮ್ಮ ಹೊಣೆ. ಡಿವಿಷನ್ 2ರಲ್ಲಿ ಈ ಗಡಿ ಹನ್ನೊಂದನೆಯ ತರಗತಿಗೆ ಮೊದಲಿನ ಜೂನ್ 15. ಡಿವಿಷನ್ 3ರ ಕೋಚ್‌ಗಳು ಯಾವಾಗ ಬೇಕಾದರೂ ಪತ್ರ ಬರೆಯಬಹುದು, ಆದರೆ ಅವರ ಕೆಲಸ ಸಾಮಾನ್ಯವಾಗಿ ಡಿವಿಷನ್ 1ರ ಗದ್ದಲ ಇಳಿದ ಮೇಲೆ ಬಿರುಸಾಗುತ್ತದೆ.

ಆ ದಿನದ ಬಗ್ಗೆ ಮಕ್ಕಳಲ್ಲಿ ದೊಡ್ಡ ನಿರೀಕ್ಷೆ ಇರುತ್ತದೆ. ಆಗಸ್ಟ್ 31ರ ಮಧ್ಯರಾತ್ರಿ ಹನ್ನೆರಡು ಹೊಡೆದ ಕೂಡಲೇ ಕೆಲವರ ಫೋನುಗಳು ಗುಂಯ್‌ಗುಡುತ್ತವೆ, ಬೆಳಿಗ್ಗೆ ಅದರದೇ ಫೋಟೊಗಳು. ನಮ್ಮ ಮನೆಯಲ್ಲಿ ಆ ರಾತ್ರಿ ಮಗಳು ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಮೇಲ್ಮುಖವಾಗಿ ಇಟ್ಟುಕೊಂಡು ಕುಳಿತಿದ್ದಳು. ಒಂದು ಗಂಟೆಯವರೆಗೆ ಬಂದದ್ದು ಗೆಳತಿಯರ ಸಂದೇಶಗಳು ಮಾತ್ರ. ಅವಳು ಈಗ ಆಡುತ್ತಿರುವ ಡಿವಿಷನ್ 3 ಕಾಲೇಜಿನ ಕೋಚ್ ಮೊದಲ ಬಾರಿ ಫೋನ್ ಮಾಡಿದ್ದು ಅದಾದ ಐದು ತಿಂಗಳಿಗೆ. ಸೆಪ್ಟೆಂಬರ್ 1 ಕೋಚ್‌ಗಳ ಬಾಯಿ ಬಿಚ್ಚುವ ದಿನವೇ ಹೊರತು ಮಕ್ಕಳ ಫಲಿತಾಂಶದ ದಿನವಲ್ಲ.

ಫೋನ್ ಬಂದಾಗ ಮಾತಾಡುವುದು ಮಗುವೇ. 'ನಿಮ್ಮ ಪಟ್ಟಿಯಲ್ಲಿ ನಾನು ಎಲ್ಲಿದ್ದೇನೆ, ನನ್ನ ಸ್ಥಾನಕ್ಕೆ ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ' ಎಂದು ಕೇಳುವುದು ಒರಟುತನವಲ್ಲ. ದೊಡ್ಡವರ ಎದುರು ನೇರ ಪ್ರಶ್ನೆ ಕೇಳಬಾರದೆಂದು ಬೆಳೆಸಿದ ನಮ್ಮ ಮಕ್ಕಳಿಗೆ ಇದು ಕಷ್ಟವಾಗುತ್ತದೆ, ಮನೆಯಲ್ಲಿ ನಾಲ್ಕು ಬಾರಿ ಅಭ್ಯಾಸ ಮಾಡಿಸಿ. ಸ್ಪಷ್ಟ ಉತ್ತರ ಬಾರದೆ ಮೂರನೆಯ ಫೋನಿನಲ್ಲೂ 'ನಿನ್ನನ್ನು ಗಮನಿಸುತ್ತಿದ್ದೇವೆ' ಎಂಬ ಮಾತೇ ಬಂದರೆ, ನೀವು ಬೇರೆಯವರ ಹಿಂದೆ ಸಾಲಿನಲ್ಲಿದ್ದೀರಿ ಎಂದರ್ಥ.

ಭೇಟಿ, ಪ್ರೀ-ರೀಡ್, ಒಪ್ಪಿಗೆ

ನಿಮ್ಮ ಖರ್ಚಿನಲ್ಲಿ ಹೋಗುವ ಭೇಟಿ ಅನಧಿಕೃತ, ಕಾಲೇಜು ಖರ್ಚು ಹಾಕುವ ಭೇಟಿ ಅಧಿಕೃತ. ಅಧಿಕೃತ ಭೇಟಿಯಲ್ಲಿ ಮಗು ತಂಡದ ಹುಡುಗಿಯರ ಜೊತೆ ರಾತ್ರಿ ಉಳಿಯುವುದುಂಟು. ಅಲ್ಲಿ ಕೋಚ್ ಇಲ್ಲದಾಗ ಅವರಾಡುವ ಮಾತು ಅತ್ಯಂತ ಉಪಯುಕ್ತ. ಪಂದ್ಯದ ಋತುವಿನಲ್ಲಿ ಸೈನ್ಸ್ ಲ್ಯಾಬ್ ತಪ್ಪಿಸಬೇಕಾಗುತ್ತದೆಯೇ, ಇಂಜಿನಿಯರಿಂಗ್ ಓದುವವರು ತಂಡದಲ್ಲಿ ಎಷ್ಟು ಜನ, ಪೆಟ್ಟಾದಾಗ ಏನಾಗುತ್ತದೆ ಎಂಬುದನ್ನು ಅವರನ್ನೇ ಕೇಳಬೇಕು.

ಐವಿ ಲೀಗ್ ಮತ್ತು ಓದಿಗೆ ಹೆಸರಾದ ಡಿವಿಷನ್ 3 ಕಾಲೇಜುಗಳಲ್ಲಿ ಪ್ರೀ-ರೀಡ್ ಎಂಬ ಹಂತವಿದೆ. ಕೋಚ್ ಮಗುವಿನ ಅಂಕಪಟ್ಟಿ, ಸೀನಿಯರ್ ವರ್ಷದ ವಿಷಯಗಳು, ಪರೀಕ್ಷಾ ಅಂಕಗಳನ್ನು ಪ್ರವೇಶ ಕಚೇರಿಗೆ ಮುಂಚಿತವಾಗಿ ತೋರಿಸಿ ಅಭಿಪ್ರಾಯ ಪಡೆಯುತ್ತಾರೆ. ಅದು ಒಳ್ಳೆಯದಾಗಿ ಬಂದರೆ ಸಾಮಾನ್ಯವಾಗಿ ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕುವಂತೆ ಕೇಳುತ್ತಾರೆ, ಅಂದರೆ ಸಿಕ್ಕರೆ ಅಲ್ಲೇ ಸೇರುವ ಬದ್ಧತೆ. ಆದ್ದರಿಂದ ಪ್ರೀ-ರೀಡ್ ಜೊತೆಯಲ್ಲೇ ಹಣಕಾಸಿನ ನೆರವಿನ ಅಂದಾಜನ್ನೂ ಕೇಳಿ ಪಡೆಯಿರಿ. ಬೇರೆ ಕಾಲೇಜುಗಳ ನೆರವನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಆಮೇಲೆ ಇರುವುದಿಲ್ಲ.

ಬಾಯಿಮಾತಿನ ಒಪ್ಪಿಗೆಗೆ ಎರಡೂ ಕಡೆ ಕಾನೂನಿನ ಬಲವಿಲ್ಲ. ಕೋಚ್ ಬೇರೆ ಕಾಲೇಜಿಗೆ ಹೋದರೆ ಹೊಸ ಕೋಚ್ ಆ ಮಾತನ್ನು ಉಳಿಸಿಕೊಳ್ಳಲೇಬೇಕೆಂದಿಲ್ಲ. ಹಿಂದೆ ಆಟಗಾರರು ಕಾಲೇಜಿಗೆ ಬದ್ಧರಾಗಿ ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರವನ್ನು 2024ರ ಅಕ್ಟೋಬರ್‌ನಲ್ಲಿ ರದ್ದುಮಾಡಿ, ಈಗ ಡಿವಿಷನ್ 1ರಲ್ಲಿ ಕ್ರೀಡಾ ನೆರವಿನ ಒಪ್ಪಂದಕ್ಕೇ ಸಹಿ ಹಾಕಿಸುತ್ತಾರೆ. ಮೊತ್ತ, ಎಷ್ಟು ವರ್ಷಕ್ಕೆ, ಯಾವ ಕಾರಣಕ್ಕೆ ನಿಲ್ಲಿಸಬಹುದು ಎಂಬ ಮೂರನ್ನೂ ಕಾಗದದ ಮೇಲೆ ಓದದೆ ಸಹಿ ಬೇಡ.

ವೀಸಾ ಇರುವ ಕುಟುಂಬಗಳಿಗೆ

ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ಎಚ್-1ಬಿ ಕುಟುಂಬಗಳ ಮಕ್ಕಳು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುತ್ತಾರೆ. ಅವರು ಕಾಲೇಜು ತಂಡದಲ್ಲಿ ಆಡಬಹುದು, ಕ್ರೀಡಾ ಸ್ಕಾಲರ್‌ಶಿಪ್ಪನ್ನೂ ಪಡೆಯಬಹುದು. ಆದರೆ ಎಫ್‌ಎಎಫ್‌ಎಸ್‌ಎ ಎಂಬ ಸರ್ಕಾರಿ ಅರ್ಜಿಯ ಮೂಲಕ ಸಿಗುವ ಫೆಡರಲ್ ನೆರವಿಗೆ ಅವರು ಅರ್ಹರಲ್ಲ, ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಮತ್ತು ಕೆಲವು ಖಾಸಗಿ ಕಾಲೇಜುಗಳು ಅವರನ್ನು ವಿದೇಶಿ ಅರ್ಜಿದಾರರ ಸಾಲಿಗೆ ಸೇರಿಸಿ ನೆರವನ್ನು ಬಿಗಿಯಾಗಿ ಹಿಡಿಯುತ್ತವೆ. ಇಪ್ಪತ್ತೊಂದು ತುಂಬಿದಾಗ ಎಚ್-4 ಮುಗಿಯುವುದರಿಂದ ಕಾಲೇಜಿನ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾದೀತು. ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಸಂಪಾದಿಸುವ ಎನ್ಐಎಲ್ ಒಪ್ಪಂದಗಳು ಈ ಎರಡೂ ವೀಸಾಗಳಲ್ಲಿ ಕೆಲಸವೆಂದು ಪರಿಗಣಿತವಾಗುವ ಅಪಾಯವಿದೆ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳದೆ, ಸ್ಥಳೀಯ ಅಂಗಡಿಯವರು ಕೊಡುವ ನೂರು ಡಾಲರಿಗೂ ಸಹಿ ಹಾಕಿಸಬೇಡಿ. ಈ ವಿಷಯವನ್ನು ಕೋಚ್‌ಗೆ ಮೊದಲ ಕೆಲವು ಮಾತುಕತೆಗಳಲ್ಲೇ ತಿಳಿಸುವುದು ಒಳ್ಳೆಯದು, ಮುಚ್ಚಿಟ್ಟರೆ ಕೊನೆಗೆ ನೆರವಿನ ಕಾಗದ ಬರುವಾಗ ಗೊತ್ತಾಗಿಯೇ ಆಗುತ್ತದೆ.

ಸೀನಿಯರ್ ವರ್ಷದ ಕೊನೆಯ ಕೆಲಸಗಳು

ಒಪ್ಪಿಗೆ ಕೊಟ್ಟ ದಿನವೇ ಉಳಿದ ಕೋಚ್‌ಗಳಿಗೆ ಮಗು ಎರಡು ಸಾಲಿನ ಧನ್ಯವಾದ ಪತ್ರ ಬರೆಯಬೇಕು. ಕೋಚ್‌ಗಳು ಕಾಲೇಜಿನಿಂದ ಕಾಲೇಜಿಗೆ ಓಡಾಡುತ್ತಿರುತ್ತಾರೆ, ಇಂದು ಬೇಡವೆಂದವರು ಮುಂದೆ ಮತ್ತೆ ಸಿಗಬಹುದು. ಒಪ್ಪಿಗೆಯ ನಂತರ ಅಂಕಗಳು ಜಾರಿದರೆ ಪ್ರವೇಶವನ್ನೇ ಹಿಂಪಡೆಯುವ ಹಕ್ಕು ಕಾಲೇಜಿಗಿರುತ್ತದೆ. ಡಿವಿಷನ್ 1 ಮತ್ತು 2ಕ್ಕೆ ಹೋಗುವವರು ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಉಚಿತ ಪ್ರೊಫೈಲ್ ಪುಟದ ಬದಲು ಶುಲ್ಕ ಕಟ್ಟುವ ಸರ್ಟಿಫಿಕೇಷನ್ ಖಾತೆಗೆ ಬದಲಾಗಿರಬೇಕು. ಸೀನಿಯರ್ ವರ್ಷದ ಏಪ್ರಿಲ್ 1ರ ನಂತರ ಅದೇ ಖಾತೆಯೊಳಗೆ ಹೋಗಿ ಹವ್ಯಾಸಿ ಆಟಗಾರನೆಂಬ ಅಂತಿಮ ದೃಢೀಕರಣವನ್ನು ಕೋರಬೇಕು. ಇದು ಒಂದು ಗುಂಡಿ ಒತ್ತುವ ಕೆಲಸವಾದರೂ ಮರೆಯುವವರು ಬಹಳ. ಪದವಿ ಪ್ರದಾನದ ನಂತರ, ಪದವಿಯ ದಿನಾಂಕ ನಮೂದಾಗಿರುವ ಅಂತಿಮ ಅಂಕಪಟ್ಟಿಯನ್ನು ಶಾಲೆಯ ಕಚೇರಿ ನೇರವಾಗಿ ಸೆಂಟರಿಗೆ ಕಳಿಸಬೇಕು. ಜೂನ್ ಮೂರನೆಯ ವಾರದ ಹೊತ್ತಿಗೆ ಶಾಲೆಯ ಕಚೇರಿಗಳು ಅರ್ಧ ಖಾಲಿಯಾಗಿರುತ್ತವಾದ್ದರಿಂದ, ಮೇ ತಿಂಗಳಲ್ಲೇ ಕೌನ್ಸೆಲರ್‌ಗೆ ಬರಹದಲ್ಲಿ ನೆನಪಿಸಿ, ಖಾತೆಯಲ್ಲಿ ಅದು ತಲುಪಿದೆ ಎಂದು ಕಾಣುವವರೆಗೆ ಊರಿಗೆ ಹೊರಡುವ ವಿಮಾನ ಹತ್ತಬೇಡಿ.